ಅಂಗೈ ಮತ್ತು ಚಿನ್ನದ ಸೂಜಿ

ನನ್ನ ಕೈಯಿಂದ ಇಷ್ಟಲಿಂಗ ಉರುಳಿ ನೆಲಕ್ಕೆ ಬಿದ್ದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಆಗ ನನಗೆ ಮೂವತ್ತೊಂದು ವರ್ಷ. ತೊಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆಗಿತ್ತು. ತಿ. ನರಸೀಪುರದ ಪೇಟೆಯಲ್ಲಿ ನಮ್ಮೆಜಮಾನ್ರದ್ದು ಪಾತ್ರೆ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟು ಪೂಜೆ ಮಾಡಿದ ಮೇಲೇ ನಮಗೆ ಕಾಫಿ. ಅವತ್ತು ನೀರೆರೆದು ಬಿಲ್ವಪತ್ರೆ ಏರಿಸಬೇಕು ಅನ್ನುವಷ್ಟರಲ್ಲಿ ಮಣಿಕಟ್ಟಿನಲ್ಲಿ ಚಳಕ್ ಅಂತ ನೋವು ಹೊಡೆದು ಅಂಗೈ ವಾಲಿಬಿಟ್ಟಿತು. ಲಿಂಗ ಸಿಮೆಂಟು ನೆಲದ ಮೇಲೆ ಉರುಳಿಕೊಂಡು ಹೋಗಿ, ಪಕ್ಕದಲ್ಲೇ ಪೂಜೆಗೆ ಕೂತಿದ್ದ ನಮ್ಮತ್ತೆಯ ಮೊಣಕಾಲಿಗೆ ತಾಗಿ ನಿಂತಿತು.

ನಮ್ಮತ್ತೆ ಗುರುಮಲ್ಲಮ್ಮ ಹೆಡತಲೆ ಊರಿನ ಕಡೆಯವರು. ಗಂಟಲು ಜೋರು, ಕೈಕೆಲಸ ಅದಕ್ಕಿಂತ ಜೋರು. ಅವರು ಕೂಗಲಿಲ್ಲ. ಅದಕ್ಕೇ ನನಗೆ ಭಯವಾಯಿತು.

"ಏನ್ ಮಾಡ್ಬುಟ್ಟೆ ಮಂಗ್ಳಾ?" ಅಂತ ಪಿಸುಗುಟ್ಟಿದರು ಅಷ್ಟೆ.

ನಾನೇನು ಮಾಡಿದ್ದೆ? ಎರಡು ತಿಂಗಳಿಂದ ಸುಳ್ಳು ಹೇಳಿಕೊಂಡು ಬಂದಿದ್ದೆ, ಅದನ್ನೇ ಮಾಡಿದ್ದು. ಬೆಳಿಗ್ಗೆ ಎದ್ದರೆ ಬೆರಳುಗಳು ಮರಗಟ್ಟಿರುತ್ತಿದ್ದವು. ಬಿಸಿನೀರಿನ ಹಂಡೆಯೊಳಗೆ ಕೈ ಅದ್ದಿಕೊಂಡು ನಿಂತರೆ ಅರ್ಧ ಗಂಟೆಗೆ ಮಡಿಸಲು ಬರುತ್ತಿತ್ತು. ಮುದ್ದೆ ತಿರುವುವಾಗ ಕೋಲು ಕೈಯಿಂದ ಜಾರುತ್ತಿತ್ತು. ಬಟ್ಟೆ ಹಿಂಡಿದರೆ ಕಣ್ಣಲ್ಲಿ ನೀರು. ಹೇಳಿದರೆ "ಸೋಮಾರಿ ಸೊಸೆ" ಅನ್ನಿಸಿಕೊಳ್ಳಬೇಕಲ್ಲ ಅಂತ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಬಾಯಿ ಮುಚ್ಚಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲ ಸಲ, ಅದೂ ತಪ್ಪಾದ ಹೊತ್ತಿನಲ್ಲಿ.

ಲಿಂಗ ಬಿದ್ದರೆ ನಮ್ಮ ಜನಕ್ಕೆ ಅದು ಸಣ್ಣ ಮಾತಲ್ಲ. ಅತ್ತೆ, ಯಜಮಾನ್ರು, ನಾನು ಮೂವರೂ ಉಪವಾಸದಲ್ಲೇ ಮಠಕ್ಕೆ ಹೋದೆವು. ಅತ್ತೆ ದಾರಿಯುದ್ದಕ್ಕೂ ದೊಡ್ಡ ಪ್ರಾಯಶ್ಚಿತ್ತಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದರು. ಐದು ಸೋಮವಾರ ನಿರಾಹಾರ, ನೂರೊಂದು ಜನಕ್ಕೆ ದಾಸೋಹ, ಇನ್ನೇನೇನೋ. ಮಠದ ಬುದ್ಧಿಯೋರು ಎಲ್ಲ ಕೇಳಿಸಿಕೊಂಡು, "ಕೈ ತೋರ್ಸವ್ವ" ಅಂದರು. ತೋರಿಸಿದೆ. ಗೆಣ್ಣುಗಳು ಊದಿಕೊಂಡು ಹಸಿ ಶುಂಠಿ ಥರ ಆಗಿದ್ದವು.

"ಲಿಂಗ ಬೀಳ್ಲಿಲ್ಲ ಕಣವ್ವ, ಕೈ ಬಿತ್ತು. ಇದಕ್ಕೆ ಮಠದಲ್ಲಿ ಮದ್ದಿಲ್ಲ. ನಂಜನಗೂಡಲ್ಲಿ ರಾಜಶೇಖರ ಡಾಕ್ಟ್ರು ಅಂತ ಅವ್ರೆ, ನನ್ನ ಮಂಡೀನೂ ಅವ್ರೇ ನೋಡೋದು. ಇವತ್ತೇ ಹೋಗಿ."

"ಮತ್ತೆ ಪ್ರಾಯಶ್ಚಿತ್ತ, ಬುದ್ಧೀ?" ಅಂದರು ಅತ್ತೆ.

"ಅದೇ ಪ್ರಾಯಶ್ಚಿತ್ತ. ಡಾಕ್ಟ್ರು ಹೇಳಿದ್ದು ತಪ್ಪದೆ ಮಾಡಿ."

ಅಷ್ಟು ದೂರ ಉಪವಾಸ ಬಂದದ್ದಕ್ಕೆ ಇಷ್ಟೇನಾ ಅಂತ ಅತ್ತೆಗೆ ಒಳಗೊಳಗೇ ಬೇಜಾರಾಯಿತು. ನಾನೋ, ಅಲ್ಲೇ ಅಡ್ಡಬಿದ್ದು ಅತ್ತುಬಿಟ್ಟೆ. ಆದರೂ ಒಂದು ಮಾತು ಎದೆಯಲ್ಲಿ ಕೂತುಬಿಟ್ಟಿತು: ನಾಳೆ ಬೆಳಿಗ್ಗೆ ಈ ಕೈ ಮೇಲೆ ಲಿಂಗ ಹೇಗೆ ಇಡಲಿ? ಬಲಗೈ ಆಸರೆ ಕೊಡೋಣ ಅಂದರೆ ಅದೂ ಇಂಥದ್ದೇ. ನೋವು ಬಂದರೆ ಬರಲಿ, ಸಾಯುವವರೆಗೂ ನನ್ನ ಲಿಂಗ ನನ್ನ ಅಂಗೈ ಮೇಲೇ ಕೂರಬೇಕು ಅನ್ನುವುದೊಂದೇ ನನ್ನ ಹಠ. ಉಳಿದದ್ದೆಲ್ಲ ಆಮೇಲೆ.

ರಾಜಶೇಖರ ಡಾಕ್ಟ್ರು ಎಲ್ಲೆಲ್ಲೋ ದೊಡ್ಡ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ, ರಿಟೈರಾಗಿ ಸ್ವಂತ ಊರು ನಂಜನಗೂಡಿಗೆ ಬಂದು, ಮನೆಯ ಮುಂದಿನ ಕೋಣೆಯನ್ನೇ ರೋಗಿಗಳನ್ನು ನೋಡುವ ಷಾಪು ಮಾಡಿಕೊಂಡಿದ್ದವರು. ಜಗುಲಿಯಲ್ಲಿ ಎರಡು ಬೆಂಚು. ಅವರು ನನ್ನ ಎರಡೂ ಕೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಚಪ್ಪಟೆ ಇಡಲು ಹೇಳಿ, ಔಷಧಿ ಬರೆಯುವ ಚೀಟಿಯೊಂದನ್ನು ಅಂಗೈ ಅಡಿಗೆ ತೂರಿಸಿದರು. ಚೀಟಿ ಈ ಕಡೆಯಿಂದ ಹೋಗಿ ಆ ಕಡೆಯಿಂದ ಸಲೀಸಾಗಿ ಈಚೆ ಬಂತು.

"ನೋಡಮ್ಮ, ಅಂಗೈ ಮೇಜಿಗೆ ಅಂಟಿ ಈ ಚೀಟಿ ಸಿಕ್ಕಿಹಾಕಿಕೊಳ್ಳೋವರೆಗೂ ನಾನು ನಿನ್ನ ಬಿಡಲ್ಲ. ಇದು ಸಂಧಿವಾತ. ಮುದುಕರಿಗೆ ಬರೋ ಮಂಡಿನೋವಲ್ಲ, ಬೇರೆ ಜಾತಿ. ವಾಸಿ ಆಗುತ್ತೆ ಅಂತ ಸುಳ್ಳು ಹೇಳಲ್ಲ. ಹಿಡಿತದಲ್ಲಿ ಇಡಬಹುದು."

ಸಂಧಿವಾತ ಅನ್ನುವ ಹೆಸರು ಕೇಳಿದ್ದೆ. ವಾಸಿ ಆಗಲ್ಲ ಅನ್ನುವುದನ್ನು ಅಷ್ಟು ಸಲೀಸಾಗಿ ಯಾರಾದರೂ ಹೇಳುತ್ತಾರೆ ಅಂತ ಕೇಳಿರಲಿಲ್ಲ. ನನಗೆ ಸಿಟ್ಟೇ ಬಂತು. ಆದರೆ ಆ ಮನುಷ್ಯ ನನ್ನ ಕೈ ಬಿಟ್ಟಿರಲಿಲ್ಲ. ಮಾತಾಡುವಷ್ಟು ಹೊತ್ತೂ ಊದಿದ ಗೆಣ್ಣುಗಳ ಮೇಲೆ ತಮ್ಮ ಹೆಬ್ಬೆಟ್ಟನ್ನು ಹಗುರವಾಗಿ ಇಟ್ಟುಕೊಂಡೇ ಇದ್ದರು.

ಮೊದಲು ಕೊಟ್ಟದ್ದು ಆಸ್ಪಿರಿನ್ನು, ದಿನಕ್ಕೆ ಹಿಡಿ ತುಂಬಾ. ನೋವು ತಗ್ಗಿತು, ಕಿವಿಯಲ್ಲಿ ಮಾತ್ರ ಗುಂಯ್ ಅಂತ ಬಿಡದೆ ಒಂದು ಶಬ್ದ. "ಓಂಕಾರ ಕೇಳ್ತಾದಾ?" ಅಂತ ಅತ್ತೆ ಆಸೆಯಿಂದ ಕೇಳಿದರು. "ಇಲ್ಲ ಅತ್ತೆ, ಹಿಟ್ಟಿನ ಮಿಲ್ಲು ಕೇಳ್ತಾದೆ" ಅಂದೆ. ಹೊಟ್ಟೆಯೂ ಉರಿಯತೊಡಗಿದಾಗ ಡಾಕ್ಟ್ರು ಅದನ್ನು ಕಡಿಮೆ ಮಾಡಿ, ನಮ್ಮೆಜಮಾನ್ರನ್ನು ಒಳಗೆ ಕರೆದರು.

"ಚಿನ್ನದ ಇಂಜೆಕ್ಷನ್ ಶುರು ಮಾಡೋಣ."

ನಮ್ಮೆಜಮಾನ್ರು ವ್ಯಾಪಾರಸ್ಥರು. "ಎಷ್ಟು ಕ್ಯಾರೆಟ್ಟು, ಸಾ?" ಅಂದುಬಿಟ್ಟರು.

ಡಾಕ್ಟ್ರು ನಕ್ಕೂ ನಕ್ಕೂ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಬಿಡಿಸಿ ಹೇಳಿದರು. ಚಿನ್ನದ ಉಪ್ಪನ್ನು ಕರಗಿಸಿ ಮಾಡಿದ ಹಳೇ ಕಾಲದ ಔಷಧಿ. ವಾರಕ್ಕೊಂದು ಸೂಜಿ, ಸೊಂಟದ ಕೆಳಗೆ. ಗುಣ ಕಾಣಲು ನಾಲ್ಕು ತಿಂಗಳು ಬೇಕು, ಆರೂ ಆಗಬಹುದು. ಪ್ರತಿ ಸಲ ಮೂತ್ರ ನೋಡಿಯೇ ಕೊಡುವುದು, ಯಾಕೆಂದರೆ ಕೆಲವರಿಗೆ ಕಿಡ್ನಿಗೆ ಹೊಡೆಯುತ್ತದೆ. ಬಾಯಲ್ಲಿ ಹುಣ್ಣು, ಮೈಮೇಲೆ ಗಂಧೆ ಎದ್ದರೆ ಆ ಕ್ಷಣ ನಿಲ್ಲಿಸುವುದು.

ಊರಿಗೆ ಬಂದದ್ದೇ ತಡ, ಬೀದಿಗೆಲ್ಲ ಸುದ್ದಿ ಹಬ್ಬಿತು. ಪಾತ್ರೆ ಅಂಗಡಿ ಮಂಗಳ ಮೈಯೊಳಗೇ ಚಿನ್ನ ಹಾಕಿಸಿಕೊಳ್ಳುತ್ತಾಳಂತೆ! ಎದುರುಮನೆಯವರಂತೂ ನನ್ನ ಚರ್ಮ ಹೊಳೆಯುತ್ತದಾ ಅಂತ ಬಿಸಿಲಿಗೆ ಕರೆದು ನೋಡಿದರು. ಆದರೆ ಇದನ್ನೆಲ್ಲ ಮೀರಿಸಿದ್ದು ನಮ್ಮತ್ತೆ. ಮೊದಲನೇ ಸೂಜಿ ಆದ ದಿನವೇ ಅಡುಗೆಮನೆಯಿಂದ ಹುಣಸೆಹಣ್ಣಿನ ಜಾಡಿ ಎತ್ತಿ ಅಟ್ಟಕ್ಕೆ ಹಾಕಿದರು.

"ಯಾಕತ್ತೆ?"

"ನಲವತ್ತು ವರ್ಷದಿಂದ ಪಾತ್ರೆ ತಿಕ್ತಾ ಇವ್ನಿ ಕಣೆ. ಒಂದುಂಡೆ ಉಣಸೆಹಣ್ಣಿಗೆ ಎಂಥಾ ಕೊಳದಪ್ಪಲೆ ಮೇಲಿನ ಕಿಲುಬೂ ಕಿತ್ಕೊಂಡು ಬತ್ತದೆ. ನೀರಿನಂಗೆ ಒಳಿಕ್ಕೆ ಓಗಿರೋ ಚಿನ್ನ, ಉಳಿ ತಿಂದ್ರೆ ನಿಂತಾದಾ? ತೊಳ್ಕೊಂಡು ಓಯ್ತದೆ."

ಪಾತ್ರೆ ವ್ಯಾಪಾರದ ಮನೆಯಲ್ಲಿ ಈ ವಾದಕ್ಕೆ ಎದುರು ಹೇಳುವುದು ಹೇಗೆ? ಹುಣಸೆ ಹೋಯಿತು, ನಿಂಬೆ ಹೋಯಿತು, ಉಪ್ಪಿನಕಾಯಿ ಹೋಯಿತು. ನಮ್ಮೆಜಮಾನ್ರಿಗೆ ಬಸ್ಸಾರು ಅಂದರೆ ಪ್ರಾಣ. ಹುಳಿ ಇಲ್ಲದ ಬಸ್ಸಾರನ್ನು ಮುದ್ದೆಗೆ ಹಚ್ಚಿಕೊಂಡು ಅವರು ನನ್ನನ್ನು ನೋಡುತ್ತಿದ್ದ ನೋಟ ಈಗ ನೆನೆದರೂ ನಗು ಬರುತ್ತದೆ. ಡಾಕ್ಟ್ರಿಗೆ ಹೇಳಿದೆ. "ಅಯ್ಯೋ, ಧಾರಾಳವಾಗಿ ಹುಳಿ ತಿನ್ನಮ್ಮ" ಅಂದರು. ಅತ್ತೆಗೆ ಬಂದು ವರದಿ ಒಪ್ಪಿಸಿದೆ. "ಡಾಕ್ಟ್ರು ಯಾವತ್ತು ಪಾತ್ರೆ ತಿಕ್ಕವ್ರೆ?" ಅಂದರು, ಜಾಡಿ ಅಟ್ಟದ ಮೇಲೇ ಉಳಿಯಿತು.

ಇನ್ನು ಆ ಬಾಟಲಿಯ ಕಥೆ. ಡಾಕ್ಟ್ರಿಗೆ ಬೆಳಗಿನ ಮೊದಲ ಮೂತ್ರವೇ ಬೇಕು. ಅದನ್ನು ಗಾಜಿನ ಕೊಳವೆಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದರು. ತಿಳಿಯಾಗಿದ್ದರೆ ಸೂಜಿ, ಹಾಲು ಒಡೆದಂತೆ ಬೆಳ್ಳಗಾದರೆ ಸೂಜಿ ಇಲ್ಲ. ಹಾಗಾಗಿ ವಾರವಾರವೂ ನಾನು ಸಣ್ಣ ಬಾಟಲಿಯೊಂದನ್ನು ಬಟ್ಟೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು, ನಂಜನಗೂಡಿನ ಬಸ್ಸು ಹತ್ತುತ್ತಿದ್ದೆ. ನರಸೀಪುರದಿಂದ ಬಾಟಲಿ ಹಿಡಿದು ಹೊರಟವರ ಕೈಯಲ್ಲಿ ತ್ರಿವೇಣಿ ಸಂಗಮದ ನೀರಲ್ಲದೆ ಇನ್ನೇನಿರುತ್ತದೆ ಹೇಳಿ? ಒಂದು ದಿನ ಪಕ್ಕದಲ್ಲಿ ಕೂತ ಅಜ್ಜಿ ಬುಟ್ಟಿಯೊಳಗೆ ಇಣುಕಿತು.

"ಸಂಗಮದ್ದಾ ಮಗಾ? ಒಂಚೂರು ಕಣ್ಗೊತ್ಕೊತೀನಿ, ಕೊಡವ್ವ."

ನಾನು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡೆ. "ಅಲ್ಲ ಕಣಜ್ಜೀ, ಇದು ಔಷಧಿ" ಅಂದೆ.

"ಔಸ್ದಿಯಾ? ಯಾವ್ದಕ್ಕೆ?"

"ಕೈಕಾಲು ನೋವಿಗೆ" ಅಂತ ಬಾಯಿ ತಪ್ಪಿ ಬಂತು.

"ಅಂಗಾರೆ ಕೊಡ್ಲೇಬೇಕು ಕಣವ್ವ! ನಂಗೂ ಮಂಡಿ ಇಡ್ಕೊಂಡದೆ!" ಅಂತ ಅಜ್ಜಿ ಬುಟ್ಟಿಗೇ ಕೈ ಹಾಕಿತು. ನಾನು ಎಳೆಯುತ್ತೇನೆ, ಅದು ಬಿಡಲೊಲ್ಲದು. "ಎಂಥಾ ಜಿಪುಣಿಯವ್ವ ನೀನು, ಒಂದ್ ಗುಕ್ಕು ಕೊಟ್ರೆ ಸವೆದೋಯ್ತದಾ?" ಅಂತ ಬಸ್ಸಿಗೆಲ್ಲ ಕೇಳುವ ಹಾಗೆ ಬೈಯಿತು. ಕೊನೆಗೆ ಕಿವಿಯಲ್ಲಿ ನಿಜ ಹೇಳಿದೆ. ಅಜ್ಜಿ ಒಂದು ಗಳಿಗೆ ನನ್ನ ಮುಖ ನೋಡಿ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕದ್ದೇ ನಕ್ಕದ್ದು. ಇಳಿಯುವವರೆಗೂ ಅದರ ಭುಜ ಕುಲುಕುತ್ತಿತ್ತು. ನೋವಿನ ಆ ತಿಂಗಳುಗಳಲ್ಲಿ ನಾನು ಹೊಟ್ಟೆ ತುಂಬಾ ನಕ್ಕದ್ದು ಅವತ್ತೇ.

ಜಗುಲಿಯ ಬೆಂಚಿನ ಮೇಲೆ ನನಗೊಬ್ಬಳು ಗೆಳತಿ ಸಿಕ್ಕಿದಳು, ದೇವನೂರಿನ ಪುಟ್ಟಮ್ಮ. ಕೂಲಿ ಮಾಡುವವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಅವಳಿಗೂ ಇದೇ ಕಾಯಿಲೆ, ಇದೇ ಸೂಜಿ. ನಾಟಿ ಹಾಕಲು ಬೆರಳು ಬಗ್ಗದೆ ಕೆಲಸ ತಪ್ಪಿತ್ತು. ಇಬ್ಬರೂ ಅಕ್ಕಪಕ್ಕ ಬಾಟಲಿ ಇಟ್ಟುಕೊಂಡು ಕೂತು, ಯಾರ ಗಂಡ ಹೆಚ್ಚು ಮೊಂಡ ಅಂತ ಪಂದ್ಯ ಕಟ್ಟಿಕೊಂಡು ಮಾತಾಡುತ್ತಿದ್ದೆವು. ಆದರೆ ಏಳನೆಯ ವಾರ ಅವಳ ಮೈಯೆಲ್ಲ ಗಂಧೆ ಎದ್ದಿತು, ಬಾಯಲ್ಲಿ ಅನ್ನ ಇಡಲಾಗದಷ್ಟು ಹುಣ್ಣು. ಡಾಕ್ಟ್ರು ಸೂಜಿ ನಿಲ್ಲಿಸಿಬಿಟ್ಟರು.

"ಚಿನ್ನ ನಮ್ಮಂತೋರ ಮೈಗೆ ಒಗ್ಗಾಕಿಲ್ಲ ಕಣ್ ಮಂಗ್ಳವ್ವ" ಅಂತ ಪುಟ್ಟಮ್ಮ ನಕ್ಕಳು. ನಾನೂ ಜೊತೆಗೆ ನಕ್ಕೆ. ನಾಚಿಕೆಯಾಗುತ್ತದೆ ಹೇಳಲು, ನನಗೆ ಒಳಗೆ ಸಣ್ಣ ಜಂಬವೂ ಬಂತು: ನನ್ನ ಮೈಗೆ ಒಗ್ಗಿದೆಯಲ್ಲ! ಅವಳು ತುಟಿ ಒಡೆದುಕೊಂಡು ಎದುರಿಗೆ ಕೂತಿರುವಾಗ ನನಗೆ ಬಂದ ಯೋಚನೆ ಅದು.

ಒಗ್ಗಿತೇನೋ ಸರಿ, ಗುಣ ಎಲ್ಲಿ? ಮೂರು ತಿಂಗಳಾಯಿತು, ನಾಲ್ಕಾಯಿತು, ಚೀಟಿ ಅಂಗೈ ಅಡಿಯಿಂದ ಬರುತ್ತಲೇ ಇತ್ತು. ಪೂಜೆಗೆ ಬುದ್ಧಿಯೋರು ಆಮೇಲೆ ಹೇಳಿಕಳಿಸಿದಂತೆ ಮಣೆಯ ಮೇಲೆ ಬೆಳ್ಳಿ ಬಟ್ಟಲಲ್ಲಿ ಲಿಂಗ ಇಟ್ಟುಕೊಂಡು ನೋಡುತ್ತಿದ್ದೆ. ಮನಸ್ಸಿಗೆ ಹಿತವಿಲ್ಲ. ಹಸುಗೂಸನ್ನು ಪಕ್ಕದ ಮನೆಯವರ ಮಡಿಲಲ್ಲಿ ನೋಡಿದಂತೆ ಆಗುತ್ತಿತ್ತು. ಇನ್ನು ಸಾಕು, ಸೂಜಿ ಬಿಡುತ್ತೇನೆ ಅಂತ ಐದನೇ ತಿಂಗಳು ತೀರ್ಮಾನ ಮಾಡಿ, ಅದನ್ನು ಡಾಕ್ಟ್ರಿಗೆ ಮುಖದ ಮೇಲೇ ಹೇಳಬೇಕೆಂದು ಹೋದೆ. ಅವರು ಎಂದಿನಂತೆ ಚೀಟಿ ತೂರಿಸಿದರು. ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು. ಎಳೆದರು, ಬರಲಿಲ್ಲ. ಡಾಕ್ಟ್ರು ಕುರ್ಚಿಯಿಂದ ಎದ್ದು, "ಲೇ ಇವಳೇ, ಬಾರೇ ಇಲ್ಲಿ!" ಅಂತ ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದು ತೋರಿಸಿದರು. ಆ ತಾಯಿ ಕೈಯೊರೆಸಿಕೊಂಡು ಬಂದು ನನಗೊಂದು ಲೋಟ ಕಾಫಿ ಕೊಟ್ಟರು.

ಮುಂದಿನ ಸೋಮವಾರ ಲಿಂಗ ಮತ್ತೆ ನನ್ನ ಅಂಗೈಗೆ ಬಂತು. ಕೈ ನಡುಗಿತು, ಆದರೆ ಬೀಳಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡು ಪೂಜೆ ಮಾಡುತ್ತಿರುವಂತೆ ನಟಿಸುತ್ತಾ ಒಂದೇ ಕಣ್ಣು ತೆರೆದು ನನ್ನ ಕೈಯನ್ನೇ ಕಾಯುತ್ತಿದ್ದರು.

ವಾರಕ್ಕೊಂದಿದ್ದ ಸೂಜಿ ಹದಿನೈದು ದಿನಕ್ಕಾಯಿತು, ತಿಂಗಳಿಗಾಯಿತು. ಎಂಟು ವರ್ಷ ಹೀಗೇ ನಡೆಯಿತು. ನಮ್ಮ ಮನೆಯಲ್ಲಿ ಎರಡು ಸಾರು ಕುದಿಯುವುದು ಅಭ್ಯಾಸವಾಗಿ ಹೋಯಿತು: ಯಜಮಾನ್ರ ಕಾಟ ತಡೆಯಲಾರದೆ ಅಟ್ಟದ ಜಾಡಿಯಿಂದ ಒಂದುಂಡೆ ತೆಗೆದು ಅವರಿಗೆ ಹುಳಿಯದು, ನನಗೆ ಸಪ್ಪೆ. ಹೊರಗೆ ಮದುವೆ ಮನೆಯಲ್ಲಿ ನಾನು ಕದ್ದು ಉಪ್ಪಿನಕಾಯಿ ನೆಕ್ಕುತ್ತಿದ್ದೆ. ಯಾವ ಚಿನ್ನವೂ ತೊಳೆದುಹೋಗಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಡಾಕ್ಟ್ರು ಸೂಜಿ ಹಾಕಿ, ಖಾಲಿ ಸೀಸೆಯನ್ನು ಬುಟ್ಟಿಗೆ ಹಾಕದೆ ಮೇಜಿನ ಮೇಲೆ ಇಟ್ಟರು.

"ಇದೇ ಕೊನೇದು ಮಂಗಳಮ್ಮ. ಮೈಸೂರಲ್ಲೂ ಸಿಗ್ತಿಲ್ಲ, ಬೆಂಗಳೂರಿಗೆ ಬರೆದಿದ್ದೆ, ಅಲ್ಲೂ ಇಲ್ಲ. ಇನ್ನು ಬರೋದೂ ಇಲ್ಲ."

"ಯಾಕೆ ಸಾ? ಕೆಲಸ ಮಾಡೋ ಔಷಧೀನ ಯಾಕೆ ನಿಲ್ಲಿಸ್ತಾರೆ? ಕೆಟ್ಟದ್ದಾ ಅದು?" ನನ್ನ ಗಂಟಲು ಏರಿತ್ತು.

"ಕೆಟ್ಟದ್ದಲ್ಲಮ್ಮ. ನಿನಗೆ ಒಗ್ಗಿತು. ಹೊರಗಡೆ ಪುಟ್ಟಮ್ಮ ಕೂತಿದಾಳೆ, ಅವಳನ್ನ ಕೇಳು. ಶುರು ಮಾಡಿದ ಎಷ್ಟೋ ಜನ ಅರ್ಧಕ್ಕೇ ಬಿಡಬೇಕಾಯ್ತು. ವಾರ ವಾರ ಬಸ್ಸು ಹತ್ತಿಕೊಂಡು ಬರಬೇಕು, ಮೂತ್ರ ಕಾಯಿಸಬೇಕು, ರಕ್ತ ನೋಡಬೇಕು, ಅರ್ಧ ವರ್ಷ ಕಾಯಬೇಕು. ಈಗ ವಾರಕ್ಕೊಂದು ದಿನ ನುಂಗೋ ಮಾತ್ರೆ ಬಂದಿದೆ. ಬೇಗ ಹಿಡಿಯುತ್ತೆ, ಹೆಚ್ಚು ಜನಕ್ಕೆ ಒಗ್ಗುತ್ತೆ. ಡಾಕ್ಟ್ರುಗಳೆಲ್ಲ ಅದನ್ನೇ ಬರೀತಾರೆ. ಇದನ್ನ ಬರೆಯೋರಿಲ್ಲ ಅಂದ್ರೆ ತಗೊಳ್ಳೋರಿಲ್ಲ, ತಗೊಳ್ಳೋರಿಲ್ಲ ಅಂದ್ರೆ ಮಾಡೋರಿಲ್ಲ. ನಿನ್ನ ಗಂಡನ ಅಂಗಡೀಲಿ ಹಿತ್ತಾಳೆ ಹಂಡೆ ಯಾಕೆ ಕಡಿಮೆ ಆಯ್ತು? ಹಂಡೆ ತೂತಾಗಿತ್ತಾ?"

ಆಮೇಲೆ ಆ ಖಾಲಿ ಸೀಸೆಯನ್ನು ಬೆರಳಲ್ಲಿ ತಿರುಗಿಸುತ್ತಾ, "ನಾನೂ ಮೂವತ್ತು ವರ್ಷ ಈ ಸೂಜಿ ಚುಚ್ಚಿದೋನು. ನನಗೂ ಕಷ್ಟಾನೇ" ಅಂದರು. ಹಳದಿ ಮಾತ್ರೆ ಬರೆದುಕೊಟ್ಟು, ಸೋಮವಾರ ಮಾತ್ರ, ಅದೂ ಊಟ ಆದ ಮೇಲೆ, ಅಪ್ಪಿತಪ್ಪಿಯೂ ದಿನಾ ತೆಗೆದುಕೊಳ್ಳಬಾರದು ಅಂತ ನನ್ನ ಬಾಯಿಂದಲೇ ಮೂರು ಸಲ ಹೇಳಿಸಿದರು.

ಔಷಧಿ ಅಂಗಡಿಯವನು ಚೀಟಿ ನೋಡಿ, "ಯಾರಿಗಮ್ಮಾ ಕ್ಯಾನ್ಸರ್?" ಅಂದ.

ಯಾರಿಗೂ ಇಲ್ಲ ಅಂದು ಮಾತ್ರೆ ತೆಗೆದುಕೊಂಡು ಬಂದೆ. ಮನೆಯಲ್ಲಿ ಬಾಯಿ ಬಿಡಲಿಲ್ಲ. ನೋಡಿ, ಮತ್ತೆ ಬಾಯಿ ಮುಚ್ಚಿದೆ, ಮತ್ತೆ ತಪ್ಪಾದ ಹೊತ್ತಿನಲ್ಲಿ. ಪ್ರತಿ ಸೋಮವಾರ ಊಟ ಮಾಡಿ, ಲೋಟದಲ್ಲಿ ನೀರು ಹಿಡಿದುಕೊಂಡು ಎಲ್ಲರೂ ನೋಡುವಂತೆ ಹಿತ್ತಲಿಗೆ ಹೋಗಿ, ಮಾತ್ರೆಯನ್ನು ಬಚ್ಚಲಿಗೆ ಹಾಕಿ ನೀರು ಕುಡಿದು ಬರುತ್ತಿದ್ದೆ. ಎಂಟು ವರ್ಷ ಚುಚ್ಚಿಸಿಕೊಂಡ ಚಿನ್ನ ಮೈಯಲ್ಲಿ ಇರಲೇಬೇಕಲ್ಲ, ಅದೇ ಕಾಯುತ್ತದೆ ಅಂತ ನನ್ನ ಲೆಕ್ಕ.

ಇದ್ದ ಚಿನ್ನವಾದರೂ ಉಳಿಯಲಿ ಅಂತ ನಾನೇ ಹುಳಿ ಬಿಟ್ಟೆ! ಅತ್ತೆಯನ್ನು ಎಂಟು ವರ್ಷ ಆಡಿಕೊಂಡು ನಕ್ಕವಳು, ಮದುವೆ ಮನೆಯಲ್ಲಿ ಉಪ್ಪಿನಕಾಯಿ ಕದ್ದವಳು, ಈಗ ಮಜ್ಜಿಗೆ ಹುಳಿಯಾಗಿದ್ದರೂ ಲೋಟ ಆಚೆ ತಳ್ಳುತ್ತಿದ್ದೆ. ಅತ್ತೆಯೋ ಸೂಜಿ ನಿಂತ ದಿನವೇ ಜಾಡಿ ಕೆಳಗಿಳಿಸಿ, ಮನೆಗೆಲ್ಲ ಒಂದೇ ಸಾರು ಅಂತ ಖುಷಿಯಿಂದ ಬಸ್ಸಾರು ಕಾಯಿಸಿದ್ದರು. ನಾನು ಒಂದು ಸೌಟೂ ಹಾಕಿಸಿಕೊಳ್ಳಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದೆ. ಹೊಟ್ಟೆ ಮೂರು ತಿಂಗಳು ಸರಿಯಿಲ್ಲದೆ ಇರುತ್ತದೆಯೇ?

ಅಷ್ಟರಲ್ಲಿ ಕೈ ಬಿಗಿಯತೊಡಗಿತ್ತು. ಎಡಗೈಯ ಉಂಗುರದ ಬೆರಳು, ಕಿರುಬೆರಳು ಎರಡೂ ಒಳಕ್ಕೆ ಬಾಗುತ್ತಿದ್ದವು. ಪೂಜೆಯಲ್ಲಿ ಸೆರಗಿನ ಮರೆಯಲ್ಲಿ ಬಲಗೈಯಿಂದ ಎಡಗೈಯನ್ನು ಎತ್ತಿ ಹಿಡಿದುಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಅತ್ತೆ ತಮ್ಮ ಲಿಂಗವನ್ನು ಕರಡಿಗೆಗೆ ಸೇರಿಸಿ ನನ್ನ ಮುಂದೆ ಬಂದು ಕೂತರು.

"ನಾ ಕುರುಡಿ ಅಂದ್ಕೊಂಡಿದ್ದೀಯಾ? ಸೂಜಿ ನಿಂತದೆ. ಮತ್ಯಾಕೆ ನೀ ಉಳಿ ಮುಟ್ತಾ ಇಲ್ಲ? ಏನ್ ಮುಚ್ಚಿಡ್ತಿದ್ದೀಯಾ?"

ನಾನು ಎಲ್ಲ ಹೇಳಿದೆ. ಕ್ಯಾನ್ಸರ್ ಮಾತ್ರೆ, ಬಚ್ಚಲು, ಮೈಯೊಳಗಿನ ಚಿನ್ನ, ಹುಣಸೆಹಣ್ಣು. ಹೇಳುತ್ತಾ ಹೇಳುತ್ತಾ ಗೊಳೋ ಅಂತ ಅತ್ತುಬಿಟ್ಟೆ. ಅತ್ತೆ ಬೈಯುತ್ತಾರೆ ಅಂದುಕೊಂಡಿದ್ದೆ, ಬೈದರು ಕೂಡ, ಚೆನ್ನಾಗಿಯೇ ಬೈದರು.

"ನಾನು ಓದ್ದೆ ಇರೋಳು, ಏನೋ ಅಂದೆ. ನೀನು ಎಸ್ಸೆಸ್ಸೆಲ್ಸಿ ಮಾಡಿರೋಳು, ಅದನ್ನ ನಂಬ್ತಿಯೇನೆ, ಮುಕ್ಕಾ! ಬುದ್ಧಿಯೋರು ಅವತ್ತು ಏನಂದ್ರು? ಡಾಕ್ಟ್ರು ಯೋಳಿದ್ದೇ ಪ್ರಾಯಶ್ಚಿತ್ತ ಅನ್ನಲಿಲ್ವಾ? ಅದನ್ನ ಬಚ್ಚಲಿಗೆ ಸುರ್ದ್ಯಲ್ಲೇ!"

ಅವತ್ತೇ ನನ್ನನ್ನು ಬಸ್ಸಿಗೆ ಹತ್ತಿಸಿದರು. ಜಗುಲಿಯಲ್ಲಿ ಪುಟ್ಟಮ್ಮ ಕೂತಿದ್ದಳು. ನನ್ನ ಮುಖ ನೋಡಿದವಳೇ, "ಏನಾಯ್ತು ಮಂಗ್ಳವ್ವ?" ಅಂದಳು. ಅತ್ತೆ ನನ್ನ ಮರ್ಯಾದೆಯನ್ನು ಬೆಂಚಿನ ಮೇಲೆ ಬಿಡಿಸಿ ಹರಡಿದರು. ಪುಟ್ಟಮ್ಮ ತನ್ನ ಎರಡೂ ಕೈ ಮುಂದೆ ಚಾಚಿ, ಮುಷ್ಟಿ ಹಿಡಿದಳು, ಬಿಟ್ಟಳು. ಮತ್ತೆ ಹಿಡಿದಳು, ಬಿಟ್ಟಳು.

"ಎರಡ್ ವರ್ಷದಿಂದ ಅದೇ ಅಳದಿ ಮಾತ್ರೆ ನುಂಗ್ತಿವ್ನಿ ಕಣವ್ವ. ಈ ಸಲ ನಾಟೀಗೂ ಓಗಿದ್ದೆ. ಮಂಗಳವಾರ ಒಂಚೂರು ಓಕರಿಕೆ ಬತ್ತದೆ, ನಿಜ. ಅಂಗಂತ ಯಾರಾದ್ರೂ ಕೈ ಬುಡ್ತಾರಾ?"

ನನ್ನ ಆ ಹಳೇ ಜಂಬ ನೆನಪಾಗಿ ತಲೆ ಎತ್ತಲಾಗಲಿಲ್ಲ. ಅವಳ ಕೈ ಹಿಡಿದುಕೊಂಡೆ. ಒರಟಾದ, ಬಿಸಿಯಾದ, ನೆಟ್ಟಗೆ ನಿಂತ ಬೆರಳು. "ಪುಟ್ಟಮ್ಮ, ನೀನು ಸೂಜಿ ಬಿಟ್ಟಾಗ ನನಗೆ ಒಳಗೊಳಗೇ ಖುಷಿಯಾಗಿತ್ತು ಕಣೆ" ಅಂದುಬಿಟ್ಟೆ. "ಆಗ್ದೇ ಇರ್ತದಾ? ನಂಗೂ ನಿನ್ನ ಸೂಜಿ ನಿಂತಾಗ ಒಂಚೂರು ಆಯ್ತು" ಅಂದಳು ಪಾಪಿ. ಇಬ್ಬರೂ ನಕ್ಕೆವು.

ಒಳಗೆ ಡಾಕ್ಟ್ರು ಚೀಟಿ ತೂರಿಸಿದರು. ಮೊದಲನೇ ದಿನದಂತೆಯೇ ಈಚೆಯಿಂದ ಆಚೆಗೆ ಹೊರಟುಹೋಯಿತು. ಅವರ ಮುಖ ಕೆಂಪಾಯಿತು. ಕ್ಯಾನ್ಸರ್ ಅನ್ನುವ ಮಾತು ಕೇಳಿದ ಮೇಲೆ ಮಾತ್ರ ಮೆತ್ತಗಾದರು.

"ಆ ಕಾಯಿಲೆಗೂ ಕೊಡ್ತಾರೆ, ಸುಳ್ಳಲ್ಲ. ಅಲ್ಲಿ ಕೊಡದಲ್ಲಿ ಸುರಿದಂಗೆ, ನಿನಗೆ ಉದ್ಧರಣೆಯಷ್ಟು. ಮೊದಲೇ ನಾನು ಹೇಳಬೇಕಿತ್ತು. ಅದು ನನ್ನ ತಪ್ಪು. ಬಚ್ಚಲಿಗೆ ಹಾಕಿದ್ದು ನಿನ್ನ ತಪ್ಪು. ಇಬ್ಬರದೂ ಆಯ್ತು, ಇವತ್ತಿಂದ ಶುರು ಮಾಡು."

ಶುರು ಮಾಡಿದೆ. ಪುಟ್ಟಮ್ಮ ಹೇಳಿದಂತೆ ಮಂಗಳವಾರ ಓಕರಿಕೆ. ಅತ್ತೆ ಅದಕ್ಕೆ ಹುಣಸೆಹಣ್ಣಿನ ಚೂರಿಗೆ ಉಪ್ಪು ಹಚ್ಚಿ ಬಾಯಿಗಿಡುತ್ತಿದ್ದರು, ಯಾವ ನಾಚಿಕೆಯೂ ಇಲ್ಲದೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಮೂರು ತಿಂಗಳಲ್ಲಿ ಊತ ಇಳಿಯಿತು, ಬೆಳಗಿನ ಬಿಗಿತ ಹೋಯಿತು, ಮುದ್ದೆ ಕೋಲು ಮತ್ತೆ ನನ್ನ ಕೈಗೆ ಬಂತು. ಆದರೆ ಆ ಎರಡು ಬೆರಳು ನೆಟ್ಟಗಾಗಲಿಲ್ಲ. ಕೀಲು ಒಳಗೆ ತಿಂದುಹೋಗಿದೆ, ಇನ್ನು ಅವು ಹೀಗೇ ಅಂದರು ಡಾಕ್ಟ್ರು. ಆ ಮೂರು ತಿಂಗಳ ಹಠಕ್ಕೆ ಕಟ್ಟಿದ ದಂಡ ಅದು. ಹೊಸ ಮಾತ್ರೆಯ ಮೇಲೆ ಹೆದರಿಕೆ ಇದ್ದರೆ ಡಾಕ್ಟ್ರ ಮುಂದೆ ಜಗಳ ಆಡಿ, ಬಚ್ಚಲ ಮುಂದೆ ಅಲ್ಲ ಅಂತ ಈಗ ಯಾರು ಸಿಕ್ಕರೂ ಹೇಳುತ್ತೇನೆ.

ಲಿಂಗ ಕೈ ಮೇಲೆ ನಿಲ್ಲುತ್ತಿತ್ತು. ಆದರೂ ಬಾಗಿದ ಆ ಬೆರಳುಗಳನ್ನು ನೋಡಿದಾಗಲೆಲ್ಲ ಮನಸ್ಸು ಮುದುಡುತ್ತಿತ್ತು. ದೇವರ ಮುಂದೆ ಸೊಟ್ಟ ಕೈ ಚಾಚಿದ್ದೇನೆ ಅನ್ನಿಸುತ್ತಿತ್ತು.

ಕೆಲವು ವರ್ಷ ಕಳೆದವು. ಅತ್ತೆಗೆ ಎಂಬತ್ತು ಸಮೀಪಿಸಿತು. ಗಂಟಲು ಹಾಗೇ ಇತ್ತು, ಕೈ ಮಾತ್ರ ನಡುಗತೊಡಗಿತು. ಒಂದು ಬೆಳಿಗ್ಗೆ ಪಕ್ಕದಲ್ಲಿ ಕೂತಿದ್ದೆ. ಅವರ ಅಂಗೈ ಮೇಲೆ ಲಿಂಗ ಅಲ್ಲಾಡುತ್ತಿದೆ, ಎರೆದ ನೀರು ಮಣಿಕಟ್ಟಿಗೆ ಇಳಿಯುತ್ತಿದೆ, ಅತ್ತೆಯ ಮುಖದಲ್ಲಿ ನಾನು ಯಾವತ್ತೂ ಕಾಣದ ಭಯ. ಕೇಳಲು ಅವರಿಗೆ ಅಭಿಮಾನ ಅಡ್ಡ. ನಾನು ನನ್ನ ಎಡಗೈಯನ್ನು ಅವರ ಕೈಯ ಅಡಿಗೆ ಕೊಟ್ಟೆ. ನನ್ನ ಬಾಗಿದ ಎರಡು ಬೆರಳು ಅವರ ಅಂಗೈಯ ಅಂಚಿಗೆ ಕೊಕ್ಕೆಯಂತೆ ಕೂತುಕೊಂಡವು. ನಡುಕ ನಿಂತಿತು.

ಅತ್ತೆ ಬಿಲ್ವಪತ್ರೆ ಏರಿಸಿದರು. ಪೂಜೆ ಮುಗಿಸಿದರು. ಆಮೇಲೆ ಕೈ ಹಿಂದಕ್ಕೆ ತೆಗೆಯದೆ, ನನ್ನ ಆ ಎರಡು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿ ಅಂದರು:

"ನೆಟ್ಟಗಿದ್ದಿದ್ರೆ ಜಾರ್ತಿತ್ತು ಕಣವ್ವ."

ಅವತ್ತಿನಿಂದ ಅವರು ಇರುವವರೆಗೂ ನಮ್ಮ ಮನೆಯಲ್ಲಿ ಪೂಜೆ ಹೀಗೇ ನಡೆಯಿತು. ಮೊದಲು ಅವರದು, ಆಮೇಲೆ ನನ್ನದು, ಆಮೇಲೆ ಇಬ್ಬರಿಗೂ ಕಾಫಿ.